ಸಾಧಕರ ಕುಲ ಕೇಳುವುದು ತರವೇ?



1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ ಉಪರಾಷ್ಟ್ರಪತಿ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಅದೇ ಜುಲೈನಲ್ಲಿ ಅವರ ನಂತರ ಆ ಪದವಿಗೆ ಬಂದವರು ನಮ್ಮ ಅನಂತಪುರ ಜಿಲ್ಲೆಯ ಇಲ್ಲೂರಿನ ನೀಲಂ ಸಂಜೀವ ರೆಡ್ಡಿಯವರು. ಜತ್ತಿಯವರ ಹೆಸರು ಬಂದರೆ ನಾವು 'ನಮ್ಮ ಲಿಂಗಾಯತರು' ಎಂದು ಹಿಗ್ಗುತ್ತೇವೆ. ನಮ್ಮ ಜಿಲ್ಲೆಯವರೇ ಆದ ಸಂಜೀವ ರೆಡ್ಡಿಯವರ ಹೆಸರು ಬಂದರೆ 'ಅವರು ರೆಡ್ಡಿಗಳು' ಎಂದು ಸುಮ್ಮನಾಗುತ್ತೇವೆ. ಇಬ್ಬರೂ ಮಾಡಿದ ಕೆಲಸವೇನೆಂದು ಕೇಳುವವರು ಕಡಿಮೆ.

ಇದು ಹಳೆಯ ಮಾತಲ್ಲ. 2016ರಲ್ಲಿ ಪಿ.ವಿ. ಸಿಂಧು ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದಾಗ, ಆಕೆಯ ಜಾತಿ ಯಾವುದೆಂದು ಇಂಟರ್‌ನೆಟ್‌ನಲ್ಲಿ ಹುಡುಕಿದವರು ಬಹಳ ಮಂದಿ ಎಂದು ಪತ್ರಿಕೆಗಳು ಬರೆದವು. ವರ್ಷಗಟ್ಟಲೆ ಬೆವರು ಸುರಿಸಿದವಳು ಆಕೆ. ಹೆಮ್ಮೆಯಲ್ಲಿ ಪಾಲು ಕೇಳಿದ್ದು ಜಾತಿ!

ಹಾಗಾದರೆ ಹುಟ್ಟಿನ ವಿಷಯ ಎತ್ತಲೇ ಬಾರದೇ? ಹಾಗಲ್ಲ. 2022ರಲ್ಲಿ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಗಳಾದಾಗ ಬುಡಕಟ್ಟಿನ ಮೊದಲ ರಾಷ್ಟ್ರಪತಿ ಎಂದು ಹೇಳಿದ್ದು ತಪ್ಪಲ್ಲ. ಏರಿದ ದಾರಿ ಎಷ್ಟು ಕಡಿದಾಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಅಂಬಿಗರ ಚೌಡಯ್ಯನವರು ತಮ್ಮ ವಚನಗಳಿಗೆ ಕಾಯಕ ಸಹಿತವಾದ ಹೆಸರನ್ನೇ ಅಂಕಿತವಾಗಿಟ್ಟರು. ಜತ್ತಿಯವರೂ ತಮ್ಮ ಧರ್ಮವನ್ನು ಮರೆಮಾಚಲಿಲ್ಲ. 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಹುಟ್ಟನ್ನು ತಿಳಿಯುವುದು ದೋಷವಲ್ಲ, ಹುಟ್ಟಿನಿಂದ ತೂಗುವುದು ದೋಷ.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲೆಕಾಯಿ ಕೊಳ್ಳುವಾಗ ಕಾಯಿ ಒಡೆದು ಕಾಳು ನೋಡುತ್ತೇವೆ, ತೂಕ ನೋಡುತ್ತೇವೆ. ಯಾರ ಹೊಲದ್ದೆಂದು ಬೆಲೆ ಕಟ್ಟುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಆ ತಕ್ಕಡಿಯನ್ನು ಏಕೆ ಕೆಳಗಿಡುತ್ತೇವೆ?

ಬಸವಣ್ಣನವರು ಬಂದವರನ್ನು ಒಳಗೆ ಕರೆದುಕೊಳ್ಳಲು 'ನಮ್ಮವ' ಎಂಬ ಭಾವ ಕಲಿಸಿದರು. ನಾವು ಅದೇ ಮಾತನ್ನು ಬೇಲಿಯಾಗಿ ಬಳಸುತ್ತಿದ್ದೇವೆ.

ಈ ತಪ್ಪಿನಲ್ಲಿ ನಮ್ಮದೂ ಪಾಲಿದೆ. ಪ್ರತಿಭಾ ಪುರಸ್ಕಾರದ ಪಟ್ಟಿಯಲ್ಲಿ ಮಕ್ಕಳ ಹೆಸರಿನ ಮುಂದೆ ಒಳಪಂಗಡವನ್ನೂ ಅಚ್ಚು ಹಾಕಿಸುತ್ತಾ ಬಂದೆವು. ಕಳೆದ ಸಲ ಪಟ್ಟಿ ನೋಡಿದ ಒಬ್ಬ ರೈತ ಬಂಧು, "ಅಂಕಗಳಿಗಿಂತ ಇದೇ ದಪ್ಪಕ್ಷರದಲ್ಲಿದೆಯಲ್ಲ ಸ್ವಾಮಿ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಈ ವರ್ಷದಿಂದ ಪಟ್ಟಿಯಲ್ಲಿ ಹೆಸರು, ಊರು, ವಿದ್ಯೆ, ಅಂಕ ಇಷ್ಟೇ ಇರುತ್ತವೆ. ಗಡಿಭಾಗದ ಶಾಲೆಗಳಲ್ಲಿ ಕನ್ನಡದಲ್ಲಿ ಉತ್ತಮವಾಗಿ ಓದಿದ ಮಕ್ಕಳು ಯಾವ ಮನೆಯವರಾದರೂ ಅವರ ಹೆಸರುಗಳನ್ನು ಮಠಕ್ಕೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ.



— ಕಾರ್ಯದರ್ಶಿ