ಅಧಿಕಾರಿ ಮಾಸ್ತಿಯವರ ಕಾವ್ಯ ಮತ್ತು ವಿಮರ್ಶೆ

ನವೋದಯದ ಹಿರಿಯರಲ್ಲಿ ಬಹುಮಂದಿ ಅಧ್ಯಾಪಕರು. ಬಿ. ಎಂ. ಶ್ರೀಕಂಠಯ್ಯ, ಬೇಂದ್ರೆ, ಕುವೆಂಪು ಇವರೆಲ್ಲ ತರಗತಿಯ ಆವರಣದಿಂದ ಬಂದವರು. ಮಾಸ್ತಿ ವೆಂಕಟೇಶ ಅಯ್ಯಂಗಾರರು (1891-1986) ಬಂದದ್ದು ಕಚೇರಿಯಿಂದ. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಎಂ.ಎ. ಪದವಿ ಪಡೆದ ಅವರು ಮೈಸೂರು ಸಿವಿಲ್ ಸರ್ವೀಸಿನಲ್ಲಿ ಜಿಲ್ಲಾಧಿಕಾರಿಯ ಹುದ್ದೆಯವರೆಗೆ ಏರಿದರು. ಸಣ್ಣಕತೆಯ ಕೀರ್ತಿಯ ನೆರಳಿನಲ್ಲಿ ಅವರ ಕಾವ್ಯ, ವಿಮರ್ಶೆಗಳು ಹಿಂದೆ ಸರಿದಿವೆಯಾದರೂ, ಆಡಳಿತಗಾರನ ಮನೋಧರ್ಮ ಸಾಹಿತ್ಯದಲ್ಲಿ ಹೇಗೆ ವ್ಯಕ್ತವಾಯಿತೆಂಬುದು ಅಲ್ಲಿಯೇ ಹೆಚ್ಚು ಸ್ಪಷ್ಟ.

1922ರಲ್ಲಿ ಬಂದ ಅವರ ಕವನಸಂಗ್ರಹದ ಹೆಸರು ‘ಬಿನ್ನಹ’. ಬಿನ್ನಹವೆಂದರೆ ಪ್ರಭುವಿನ ಮುಂದೆ ಪ್ರಜೆ ಮಾಡಿಕೊಳ್ಳುವ ಅರಿಕೆ. ರೈತರ ಅರ್ಜಿಗಳನ್ನು ಸ್ವೀಕರಿಸುವ ಸ್ಥಾನದಲ್ಲಿದ್ದ ಅಧಿಕಾರಿಯು ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ತಾನೇ ಅರ್ಜಿದಾರನಾಗಿ ದೇವರೆದುರು ನಿಲ್ಲುತ್ತಾನೆ. ಈ ಸ್ಥಾನಪಲ್ಲಟ ಆಕಸ್ಮಿಕವಿರಬಹುದು, ಆದರೆ ಅರ್ಥವಿಲ್ಲದ್ದಲ್ಲ. ಕೇಳುವವನಿಗೆ ಭಾಷೆ ಸರಳವಾಗಿರಬೇಕು, ಹೇಳಬೇಕಾದದ್ದು ಸ್ಪಷ್ಟವಾಗಿರಬೇಕು ಎಂಬ ಎಚ್ಚರ ಆ ಕವನಗಳಲ್ಲಿದೆ. ಹಾಗೆಂದೇ ಅವುಗಳಲ್ಲಿ ಆವೇಶ ಕಡಿಮೆ. ಬೇಂದ್ರೆಯವರ ನಾದಲೋಲುಪತೆಯನ್ನು ಮಾಸ್ತಿಯವರಲ್ಲಿ ಅರಸುವವರಿಗೆ ನಿರಾಶೆ ತಪ್ಪದು. ‘ನವರಾತ್ರಿ’ಯಂತಹ ಕಥನಕವನಗಳಲ್ಲಿ ಪದ್ಯವು ಗದ್ಯದ ಅಂಚಿಗೆ ಬಂದು ನಿಲ್ಲುವುದೂ ಉಂಟು. ಇದು ಮಿತಿಯೇ ಸರಿ.

ಅದೇ ಸಂಯಮ ವಿಮರ್ಶೆಯಲ್ಲಿ ಶಕ್ತಿಯಾಗಿ ಪರಿಣಮಿಸಿತು. ‘ಆದಿಕವಿ ವಾಲ್ಮೀಕಿ’ಯಲ್ಲಿ ರಾಮಾಯಣದ ಮೂಲಭಾಗ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ಪ್ರಶ್ನೆಯನ್ನು ಅವರು ವಿಚಾರಣೆಯ ಕ್ರಮದಲ್ಲಿ ಎತ್ತಿಕೊಳ್ಳುತ್ತಾರೆ. ಭಕ್ತಿಯುಳ್ಳ ವೈಷ್ಣವನಿಗೆ ಇದು ಸುಲಭದ ಕಾರ್ಯವಲ್ಲ. ಪೂಜ್ಯವೆಂದು ಬಂದ ಪಾಠವನ್ನೇ ಸಾಕ್ಷಿಯ ಕಟ್ಟೆಗೆ ಕರೆದು, ಪಾತ್ರದ ಸ್ವಭಾವಕ್ಕೆ ಹೊಂದದ್ದನ್ನು, ಕಥೆಯ ಓಟವನ್ನು ತಡೆಯುವುದನ್ನು ಬೇರ್ಪಡಿಸಬೇಕು. ಹಾಗೆ ಬೇರ್ಪಡಿಸುವಾಗಲೂ ಕವಿಯ ಮೇಲಿನ ಗೌರವ ಕುಂದಬಾರದು. ‘ವಿಮರ್ಶೆ’ ಸಂಪುಟಗಳಲ್ಲಿಯೂ ಕಾಣುವುದು ಇದೇ ನಡೆ: ಮೊದಲು ಕೃತಿಯ ಮಾತನ್ನು ಪೂರ್ಣವಾಗಿ ಕೇಳುವುದು, ತೀರ್ಪು ಆಮೇಲೆ. ಪಾಂಡಿತ್ಯಪ್ರದರ್ಶನಕ್ಕೆ ಅಲ್ಲಿ ಎಡೆಯಿಲ್ಲ.

ನ್ಯಾಯದ ಈ ಪ್ರಜ್ಞೆ ಬರಹಕ್ಕಷ್ಟೇ ಸೀಮಿತವಾಗಿರಲಿಲ್ಲ. ತಮಗಿಂತ ಕಿರಿಯರೊಬ್ಬರಿಗೆ ಮುಂಬಡ್ತಿ ದೊರೆತು, ತಮಗೆ ನ್ಯಾಯವಾಗಿ ಸಲ್ಲಬೇಕಾದ ಸ್ಥಾನ ತಪ್ಪಿತೆಂದು ಭಾವಿಸಿದ ಮಾಸ್ತಿಯವರು 1943ರಲ್ಲಿ ಸೇವೆಯನ್ನು ತ್ಯಜಿಸಿದರು. ಆಗ ಅವರಿಗೆ ಐವತ್ತೆರಡರ ಆಸುಪಾಸು. ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು ಎರಡು ದಶಕಗಳ ಕಾಲ ನಡೆಸಿದರು. ಪರರ ಬಿನ್ನಹಗಳನ್ನು ಓದಿ ತೀರ್ಮಾನಿಸುವ ಕೆಲಸ ಅಲ್ಲಿಯೂ ತಪ್ಪಲಿಲ್ಲ.