ಕೆಲಸ ಕಂಡವರ ಪರಿಚಯ

ಪೀಣ್ಯದ ಸಣ್ಣ ಕಾರ್ಖಾನೆಗಳ ಗೇಟಿನಲ್ಲಿ ‘ಬೇಕಾಗಿದ್ದಾರೆ’ ಎಂಬ ಬೋರ್ಡುಗಳನ್ನು ನೀವು ನೋಡಿರಬಹುದು. ಸಿಎನ್‌ಸಿ ಆಪರೇಟರ್, ವಿಎಂಸಿ ಸೆಟ್ಟರ್, ಕ್ವಾಲಿಟಿ ಇನ್‌ಸ್ಪೆಕ್ಟರ್ ಎಂದು ಪಟ್ಟಿ, ಪಕ್ಕದಲ್ಲೇ ಎರಡು ವರ್ಷದ ಅನುಭವ ಬೇಕೆಂಬ ಷರತ್ತು. ಮೆಕ್ಯಾನಿಕಲ್ ಬಿಇ ಮುಗಿಸಿ ಹಾಸನದ ಕಡೆಯಿಂದ ಬಂದ ನನಗೆ ಆ ಬೋರ್ಡುಗಳಲ್ಲಿ ನನ್ನ ಪದವಿಯ ಹೆಸರೇ ಕಾಣಲಿಲ್ಲ. ನಮ್ಮ ಮನೆಯಲ್ಲಿ ಕಾರ್ಖಾನೆಯಲ್ಲಿ ದುಡಿದವರು ಯಾರೂ ಇರಲಿಲ್ಲ. ಯಾರನ್ನು ಕೇಳಬೇಕು ಎಂಬುದೂ ಗೊತ್ತಿರಲಿಲ್ಲ.

ಒಳಗೆ ಹೋಗಲು ದಾರಿಯಾದದ್ದು ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲೇ ತಿದ್ದುಪಡಿ ತಂದು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಸೇರಿಸಿದ್ದಾರೆ. ಪದವೀಧರರಿಗೆ ಒಂದು ವರ್ಷದ ತರಬೇತಿ. 2019ರ ನಿಯಮಗಳು ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಗೊತ್ತು ಮಾಡಿದವು. ಬೆಂಗಳೂರಿನ ಬಾಡಿಗೆಗೆ ಇದು ಸಾಲದು, ನಿಜ. ಆದರೂ ದುಡ್ಡು ಕೊಟ್ಟು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ತರುವ ಹುಡುಗರಿಗೆ ನಾನು ಕೈ ಮುಗಿದು ಹೇಳುವುದು ಇಷ್ಟೇ: ಆ ಕಾಗದಕ್ಕೆ ಸಂದರ್ಶನದ ಎರಡನೇ ಪ್ರಶ್ನೆಯನ್ನು ದಾಟುವ ಶಕ್ತಿಯಿಲ್ಲ.

ನಾನು ಸೇರಿದ ಶಾಪ್‌ನಲ್ಲಿ ಶಾಫ್ಟುಗಳನ್ನು ಟರ್ನಿಂಗ್ ಮಾಡುತ್ತಿದ್ದರು. ವ್ಯಾಸ 50 ಮಿ.ಮೀ., ಟಾಲರೆನ್ಸ್ ಒಟ್ಟು 0.02 ಮಿ.ಮೀ. ಒಮ್ಮೆ ಮೆಷಿನ್‌ನಿಂದ ಇಳಿದ ಪೀಸಿಗೆ ನಾನು ಮೈಕ್ರೊಮೀಟರ್ ಹಿಡಿಯಲು ಹೋದಾಗ ಹಿರಿಯ ಆಪರೇಟರ್ ಒಬ್ಬರು ತಡೆದರು. “ತಡಿಯಪ್ಪ, ಬಿಸಿ ಐತೆ. ಈಗ ನೋಡಿದ್ರೆ ಸೈಜು ಜಾಸ್ತಿ ತೋರಿಸುತ್ತೆ, ಆರಿದ ಮೇಲೆ ಕಮ್ಮಿ ಆಗುತ್ತೆ” ಎಂದರು. ಉಕ್ಕು ಬಿಸಿಗೆ ಹಿಗ್ಗುವ ಸೂತ್ರವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದವನು. ಲೆಕ್ಕ ಹಾಕಿದೆ. ಪೀಸು 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ವ್ಯಾಸ ಸುಮಾರು 0.011 ಮಿ.ಮೀ. ಹೆಚ್ಚುತ್ತದೆ. ಅಂದರೆ ಟಾಲರೆನ್ಸಿನ ಅರ್ಧಕ್ಕಿಂತ ಜಾಸ್ತಿ ಅಳತೆಯಲ್ಲೇ ಹೋಯಿತು! ಸೂತ್ರ ನನ್ನ ಬಳಿ ಇತ್ತು. ಅದು ಯಾವ ಹೊತ್ತಿನಲ್ಲಿ ಎದುರಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಲೋಹ ಕತ್ತರಿಸುವ ಇನ್ಸರ್ಟ್ ಸವೆದದ್ದನ್ನು ಅದರ ಸದ್ದಿನಿಂದಲೇ ಹೇಳುತ್ತಿದ್ದ ಅವರಿಂದ ಕಲಿತದ್ದಕ್ಕೆ ಲೆಕ್ಕವಿಲ್ಲ. ಅಂಥವರ ಪಕ್ಕದಲ್ಲಿ ನಿಂತು ಕಳೆದ ಹೊತ್ತನ್ನೇ ನಾನು ಅನುಭವ ಎನ್ನುತ್ತೇನೆ.

ಪರಿಚಯ ಬೆಳೆದದ್ದೂ ಈ ಕೆಲಸದ ಮೂಲಕವೇ. ಪೀಣ್ಯದ ಸಣ್ಣ ಕಾರ್ಖಾನೆಗಳು ಎಲ್ಲವನ್ನೂ ಒಂದೇ ಸೂರಿನಡಿ ಮಾಡುವುದಿಲ್ಲ. ಟರ್ನಿಂಗ್ ಒಂದು ಕಡೆಯಾದರೆ ಹೀಟ್ ಟ್ರೀಟ್‌ಮೆಂಟ್ ಇನ್ನೊಂದು ಕಡೆ, ಗ್ರೈಂಡಿಂಗ್ ಮತ್ತೊಂದು ಕಡೆ. ಮಾಲಿನ ಜೊತೆ ಟೆಂಪೊದಲ್ಲಿ ಹೋಗುತ್ತಿದ್ದ ನನಗೆ ಎಲ್ಲ ಕಡೆಯವರೂ ಗೊತ್ತಾದರು. ಇನ್ಸರ್ಟ್ ಮಾರಲು ಬರುವ ಸೇಲ್ಸ್‌ನವರಿಗಂತೂ ಯಾವ ಕಂಪನಿ ಹೊಸ ಮೆಷಿನ್ ಹಾಕುತ್ತಿದೆ, ಎಲ್ಲಿ ಜನ ಬೇಕಾಗಿದ್ದಾರೆ ಎಂಬುದು ಬೋರ್ಡು ಏರುವ ಮೊದಲೇ ತಿಳಿದಿರುತ್ತದೆ. ನನ್ನ ಮೊದಲ ಕಾಯಂ ಕೆಲಸದ ಸುದ್ದಿ ಕೊಟ್ಟವರು ಗ್ರೈಂಡಿಂಗ್ ಶಾಪಿನ ಸೂಪರ್‌ವೈಸರ್. ನಾವು ಮಾತಾಡಿದ್ದು ಕಡಿಮೆ. ಆದರೆ ನಾನು ಬರೆಯುತ್ತಿದ್ದ ಇನ್‌ಸ್ಪೆಕ್ಷನ್ ರಿಪೋರ್ಟುಗಳನ್ನು ಅವರು ನೋಡಿದ್ದರು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆಮೇಲೆ ಓದಿದಾಗ ಇದೇ ಮಾತು ಸಿಕ್ಕಿತು. ಬಾಸ್ಟನ್ ಬಳಿ ಅವರು ಮಾತಾಡಿಸಿದವರಲ್ಲಿ ಪರಿಚಯದಿಂದ ಕೆಲಸ ಸಿಕ್ಕವರ ಪೈಕಿ ಸುಮಾರು ಶೇ. 17ರಷ್ಟು ಮಂದಿಗೆ ಮಾತ್ರ ಪದೇ ಪದೇ ಭೇಟಿಯಾಗುವವರಿಂದ ಸುದ್ದಿ ಬಂದಿತ್ತು. ಉಳಿದವರಿಗೆ ಅದು ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಕಾಣುವವರಿಂದ. ಆಪ್ತ ಗೆಳೆಯರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ, ದೂರದವರು ಬೇರೆ ಕಡೆಯ ಸುದ್ದಿ ತರುತ್ತಾರೆ. ಇದು ವಶೀಲಿಯಲ್ಲ. ವಶೀಲಿಗೆ ನಮ್ಮ ಕೆಲಸದ ಗುಣ ಗೊತ್ತಿರಬೇಕಿಲ್ಲ.

ಕೇಳುವ ರೀತಿಯೂ ಮುಖ್ಯ. “ಏನಾದ್ರೂ ಕೆಲಸ ಇದ್ರೆ ಹೇಳಿ ಸಾರ್” ಎಂದರೆ ಕೇಳಿದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಡ್ರಾಯಿಂಗ್ ಓದುತ್ತೇನೆ, ಬೋರ್ ಗೇಜ್, ಹೈಟ್ ಗೇಜ್ ಬಳಸುತ್ತೇನೆ, ಕ್ವಾಲಿಟಿಯಲ್ಲಿ ಜಾಗ ಹುಡುಕುತ್ತಿದ್ದೇನೆ ಎಂದರೆ ಅವರಿಗೆ ತಕ್ಷಣ ಯಾರಾದರೂ ನೆನಪಾಗುತ್ತಾರೆ.

ಆದರೆ ಈ ದಾರಿ ಎಲ್ಲರಿಗೂ ಒಂದೇ ರೀತಿ ತೆರೆದಿಲ್ಲ. ನನ್ನ ಜೊತೆ ಓದಿದ, ನನಗಿಂತ ಚೆನ್ನಾಗಿ ಡ್ರಾಯಿಂಗ್ ಓದುತ್ತಿದ್ದ ಹೆಣ್ಣುಮಕ್ಕಳನ್ನು ಶಾಪ್ ಫ್ಲೋರಿಗೆ ತೆಗೆದುಕೊಳ್ಳಲು ಹಿಂಜರಿದವರನ್ನು ಕಂಡಿದ್ದೇನೆ. ಟೀ ಅಂಗಡಿಯ ಮುಂದೆ ನಡೆಯುವ ಮಾತುಕತೆ ಆ ಹೆಣ್ಣುಮಕ್ಕಳನ್ನು ತಲುಪುವುದಿಲ್ಲ. ಇದು ಅನ್ಯಾಯ.

ಹಾಗಾಗಿ ಈಗಾಗಲೇ ಕೆಲಸದಲ್ಲಿರುವವರಲ್ಲಿ ನನ್ನದೊಂದು ವಿನಂತಿ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ನಿಯಮವೇ ಇದೆ. ನಿಮ್ಮಲ್ಲಿ ಎಷ್ಟು ಜನರನ್ನು ತೆಗೆದುಕೊಂಡಿದ್ದಾರೆ, ಅವರಲ್ಲಿ ಹುಡುಗಿಯರೆಷ್ಟು ಎಂದು ಎಚ್‌ಆರ್‌ನವರನ್ನು ಕೇಳಿ. ಜಾಗವಿದ್ದರೆ ನೀವು ಓದಿದ ಕಾಲೇಜಿಗೆ ಒಂದು ಫೋನ್ ಮಾಡಿ ತಿಳಿಸಿ.