ಕರುಳಿಗೆ ಹಿತವೆನ್ನುವ ಸಿಹಿಪುಡಿ: ಎಷ್ಟು ಸುರಕ್ಷಿತ?

ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಕೆಲವು ಸಿಹಿಪುಡಿ, ಬಿಸ್ಕತ್ತುಗಳ ಪೊಟ್ಟಣದ ಮೇಲೆ 'ಪ್ರಿಬಯಾಟಿಕ್' ಎಂಬ ಪದ ಕಾಣುತ್ತದೆ. ದಿನವೂ ಮುದ್ದೆ ಉಣ್ಣುವ ಕನಕಪುರದ ಕಡೆಯ ಮನೆಗಳಿಗೆ ಇದು ಬೇಕೇ?

ಇವುಗಳಲ್ಲಿ ಹೆಚ್ಚಾಗಿ ಬಳಸುವುದು ಫ್ರಕ್ಟೋ-ಆಲಿಗೋಸ್ಯಾಕರೈಡ್. ಹೆಸರು ಉದ್ದವಾದರೂ ವಸ್ತು ಹೊಸದಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬಾಳೆಹಣ್ಣಿನಲ್ಲಿ ಸಹಜವಾಗಿಯೇ ಇದೆ. ಸಿಹಿ ಸಕ್ಕರೆಯ ಸುಮಾರು ಮೂರನೇ ಒಂದು ಪಾಲು. ಸಣ್ಣ ಕರುಳಿನ ಜೀರ್ಣರಸಗಳು ಇದನ್ನು ಒಡೆಯಲಾರವು. ಆದ್ದರಿಂದ ರಕ್ತದ ಸಕ್ಕರೆಯನ್ನು ಇದು ಅಷ್ಟಾಗಿ ಏರಿಸುವುದಿಲ್ಲ. ಒಂದು ಗ್ರಾಂ ಸಕ್ಕರೆಯಿಂದ 4 ಕ್ಯಾಲೊರಿ ಸಿಕ್ಕರೆ, ಇದರಿಂದ ಸುಮಾರು 2 ಮಾತ್ರ. ಉಳಿದದ್ದು ದೊಡ್ಡ ಕರುಳನ್ನು ತಲುಪಿ ಅಲ್ಲಿನ ಬಿಫಿಡೋಬ್ಯಾಕ್ಟೀರಿಯಾದಂಥ ಉಪಕಾರಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಇಂಥ ಪದಾರ್ಥಗಳಿಗೆ 1995ರಲ್ಲಿ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು 'ಪ್ರಿಬಯಾಟಿಕ್' ಎಂದು ಹೆಸರಿಟ್ಟರು. ಜೀವಾಣುಗಳು ಇದನ್ನು ಹುಳಿಸುವಾಗ ಹುಟ್ಟುವ ಆಮ್ಲಗಳಲ್ಲಿ ಒಂದಾದ ಬ್ಯುಟಿರಿಕ್ ಆಮ್ಲ ಕರುಳಿನ ಒಳಪದರಕ್ಕೆ ಪೋಷಣೆ.

ಹುಳಿ ಬಂದ ದೋಸೆಹಿಟ್ಟು ಉಬ್ಬುವುದಿಲ್ಲವೇ? ಕರುಳಿನಲ್ಲೂ ಹಾಗೆಯೇ ಅನಿಲ ಹುಟ್ಟುತ್ತದೆ. ದಿನಕ್ಕೆ 10 ಗ್ರಾಂವರೆಗೆ ಬಹುತೇಕರಿಗೆ ಒಗ್ಗುತ್ತದೆ. ಸಿಹಿ ಸಾಲದೆಂದು ಕಾಫಿ, ಪಾಯಸಕ್ಕೆಲ್ಲ ಮೂರು ಪಟ್ಟು ಸುರಿದರೆ ಹೊಟ್ಟೆಯುಬ್ಬರ, ನುಲಿತ, ಭೇದಿ ತಪ್ಪಿದ್ದಲ್ಲ. ಮೊದಲೇ ಕರುಳು ಸೂಕ್ಷ್ಮವಾಗಿರುವವರಿಗೆ ಅಷ್ಟೂ ಬೇಕಿಲ್ಲ. ಪುಡಿಗೆ ಮಾಮೂಲಿ ಸಕ್ಕರೆ ಬೆರೆತಿದೆಯೇ ಎಂದು ಪೊಟ್ಟಣ ಓದಿ ನೋಡಿ. ಬಿಸ್ಕತ್ತಿನಲ್ಲಿ ಮೈದಾ ಇದ್ದೇ ಇರುತ್ತದೆ. ಅದು ರಕ್ತದ ಸಕ್ಕರೆ ಏರಿಸುವುದನ್ನು ಯಾವ ಪ್ರಿಬಯಾಟಿಕ್ಕೂ ತಡೆಯದು.

ನಾರಿಗಾಗಿಯೇ ಇದನ್ನು ಕೊಳ್ಳುವುದಾದರೆ ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಿಷ್ಟವೂ ಧಾರಾಳವಾಗಿದೆ, ಮಧುಮೇಹಿಗಳು ಮುದ್ದೆಯ ಗಾತ್ರ ಕುಗ್ಗಿಸಿ, ಸೊಪ್ಪು, ಹುರುಳಿಕಾಳಿನ ಸಾರು ಹೆಚ್ಚಿಸಿಕೊಳ್ಳಲಿ.

ಮನೆಯವರೆಲ್ಲ ತಿಳಿದಿರಬೇಕಾದ ಮಾತೊಂದಿದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬಂದರೆ ಈ ಪುಡಿ ಕರಗಿಸಿ ಕುಡಿಸಿ ಪ್ರಯೋಜನವಿಲ್ಲ. ನಾಲಿಗೆಗೆ ಸಿಹಿ, ರಕ್ತಕ್ಕೆ ಸಿಕ್ಕುವುದು ಅಲ್ಪ. ಎಚ್ಚರವಿದ್ದರೆ ಮೂರು ಚಹಾ ಚಮಚ ಗ್ಲೂಕೋಸನ್ನೋ ಮಾಮೂಲಿ ಸಕ್ಕರೆಯನ್ನೋ ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅಡುಗೆಮನೆಯಲ್ಲಿ ಎರಡೂ ಡಬ್ಬಿಗಳ ಮೇಲೆ ಹೆಸರು ಬರೆದಿಡಿ.